ಮೊದಲನೆಯದು ಸಿಸೇರಿಯನ್ ಆದವರಿಗೆ ಎರಡನೆಯದು ಸಹಜ ಹೆರಿಗೆ ಆಗಬಹುದೇ?

ಕೊಂಡುಕುರಿ_ಜಗಳೂರು

ಎಲ್ಲರಿಗೂ ನಮಸ್ಕಾರ. ನನಗೆ ಈಗ 34 ವಾರ ತುಂಬಿದೆ, ಇದು ಎರಡನೆಯ ಬಸಿರು. ಮೊದಲ ಮಗಳಿಗೆ ಮೂರು ವರ್ಷ ತುಂಬಿದೆ. ಅವಳು ಸಿಸೇರಿಯನ್ ಆಗಿ ಹುಟ್ಟಿದವಳು. ಆಗ ಹೊಲಿಗೆಯ ಒಂದು ತುದಿಯಲ್ಲಿ ಕೀವಾಗಿ, ಮೂರು ವಾರ ದಿನ ಬಿಟ್ಟು ದಿನ ಡ್ರೆಸ್ಸಿಂಗ್ ಮಾಡಿಸಿಕೊಳ್ಳಲು ಓಡಾಡಿದ್ದೆ. ಮಗು ಅತ್ತಾಗ ಏಳಬೇಕೆಂದರೆ ಒಂದು ಕೈಯಲ್ಲಿ ಮಂಚದ ಅಂಚನ್ನೂ ಇನ್ನೊಂದು ಕೈಯಲ್ಲಿ ಹೊಟ್ಟೆಯನ್ನೂ ಹಿಡಿದುಕೊಂಡು ಮಗ್ಗುಲಿಗೆ ಹೊರಳಿ ಏಳುತ್ತಿದ್ದೆ. ಅಷ್ಟರಲ್ಲಿ ಅಮ್ಮ ಬಂದು ಮಗುವನ್ನು ಎತ್ತಿಕೊಂಡಾಗಿರುತ್ತಿತ್ತು. ಹುಟ್ಟಿದ ದಿನವೂ ಅವಳನ್ನು ಮನೆಯವರೆಲ್ಲ ನೋಡಿದ ಮೇಲೆ ಸಂಜೆಗೆ ನನ್ನ ಪಕ್ಕದಲ್ಲಿ ತಂದು ಮಲಗಿಸಿದ್ದರು. ಆ ಕೊರಗು ಇನ್ನೂ ಹೋಗಿಲ್ಲ.

ಈ ಸಲ ಸಹಜ ಹೆರಿಗೆಯಾಗಲಿ ಎಂಬುದು ನನ್ನ ಆಸೆ. ಆದರೆ ತಪಾಸಣೆಗೆ ಹೋದಲ್ಲಿ "ಮೊದಲನೆಯದು ಸಿಸೇರಿಯನ್ ತಾನೇ, ಇದೂ ಅದೇ" ಎಂದು ಒಂದೇ ಮಾತಿನಲ್ಲಿ ಮುಗಿಸಿದರು. ಸಿಸೇರಿಯನ್ ಆದರೆ ಜೊತೆಗೇ ಮಕ್ಕಳಾಗದ ಆಪರೇಷನ್ನೂ ಆಗಿಹೋಗುತ್ತದೆ, ಎರಡೆರಡು ಸಲ ಮಲಗುವುದು ತಪ್ಪುತ್ತದೆ ಎಂಬುದು ಅತ್ತೆಯವರ ಮಾತು. ಹೇಗೂ ದಿನ ಗೊತ್ತು ಮಾಡುವುದಾದರೆ ಪಂಚಾಂಗ ನೋಡಿ ಒಳ್ಳೆಯ ನಕ್ಷತ್ರದಲ್ಲೇ ಮಾಡಿಸೋಣ ಎಂದು ಮಾವನವರು ಹೇಳಿದ್ದಾರೆ. ಬಾಣಂತನಕ್ಕೆ ತವರಿಗೇ ಬಾ ಎಂದು ಅಮ್ಮ ಕರೆಯುತ್ತಿದ್ದಾರೆ. ತವರು ಮೊಳಕಾಲ್ಮುರು ತಾಲ್ಲೂಕಿನಲ್ಲಿ ಒಳಗಿನ ಹಳ್ಳಿ. ಯಜಮಾನರು ನಿನಗೆ ಹೇಗೆ ಸರಿಯೋ ಹಾಗೆ ಮಾಡು ಎಂದು ನನಗೇ ಬಿಟ್ಟಿದ್ದಾರೆ. ನಾನು ಆಸೆಪಟ್ಟು ಮಗುವಿಗೆ ಏನಾದರೂ ಆಗಿಬಿಟ್ಟರೆ ಎಂಬ ಭಯದಲ್ಲಿ ರಾತ್ರಿ ನಿದ್ದೆ ಹತ್ತುತ್ತಿಲ್ಲ. ಅನುಭವಿಸಿದವರು, ಬಲ್ಲವರು ದಯವಿಟ್ಟು ತಿಳಿಸಬೇಕು.

ಕೋಟೆನಾಡಿನವಳು

ಆಗಬಹುದು ತಂಗಿ, ನನಗೆ ಆಗಿದೆ. ನನ್ನ ಮೊದಲನೆಯದು 2017ರಲ್ಲಿ ಸಿಸೇರಿಯನ್, ಎರಡನೆಯದು 2021ರಲ್ಲಿ ಸಹಜ ಹೆರಿಗೆ, ಎರಡೂ ಚಿತ್ರದುರ್ಗದಲ್ಲಿಯೇ. ಆದರೆ ಅದನ್ನು ಹೂ ಎತ್ತಿದ ಹಾಗೆ ಆಯಿತು ಎಂದು ಹೇಳಿದರೆ ನಿನಗೆ ಮೋಸ ಮಾಡಿದಂತಾಗುತ್ತದೆ. ಸಂಜೆ ಶುರುವಾದ ನೋವು ಮರುದಿನ ಬೆಳಿಗ್ಗೆ ಹತ್ತರವರೆಗೆ ಇತ್ತು. ಕೆಳಗೆ ಹರಿದು ಹೊಲಿಗೆ ಬಿದ್ದವು, ಎರಡು ವಾರ ಕೂತು ಏಳುವುದು ಕಷ್ಟವಾಗಿತ್ತು, ಕೆಮ್ಮಿದರೆ ಮೂತ್ರ ಸೋರುವುದು ನಾಲ್ಕು ತಿಂಗಳು ಇತ್ತು. ಅಷ್ಟಾದರೂ ಹೆರಿಗೆಯಾದ ಎರಡು ಗಂಟೆಗೆ ನಾನೇ ಎದ್ದು ಬಚ್ಚಲಿಗೆ ಹೋಗಿ ಬಂದೆ. ಮೊದಲ ಸಲ ಅದಕ್ಕೆ ಒಂದೂವರೆ ದಿನ ಬೇಕಾಗಿತ್ತು.

ನಾನು ಕೇಳಲು ಹೋದಾಗ ಡಾಕ್ಟರಮ್ಮ ಮೊದಲು ಕೇಳಿದ್ದು ಹಿಂದಿನ ಸಿಸೇರಿಯನ್ ಯಾವ ಕಾರಣಕ್ಕೆ ಆಯಿತು ಎಂದು. ನಿನ್ನದು ಯಾವ ಕಾರಣಕ್ಕೆ ಆಯಿತು?

ಜೋಗಿಮಟ್ಟಿ

ನಾನು ಹೆರಿಗೆ ವಿಭಾಗದಲ್ಲಿ ಕೆಲಸ ಮಾಡುವ ವೈದ್ಯೆ. ಕೋಟೆನಾಡಿನವರು ಕೇಳಿದ ಪ್ರಶ್ನೆಯೇ ಮೊದಲನೆಯದು, ಅದಕ್ಕೆ ಉತ್ತರ ಸಿಗದೆ ಮುಂದಿನದನ್ನು ಹೇಳಲಾಗದು. ಮಗು ಕುಂಡೆ ಕೆಳಗಾಗಿ ಕೂತಿತ್ತು, ಅಡ್ಡವಾಗಿತ್ತು, ಹೊಕ್ಕುಳಬಳ್ಳಿ ಮೊದಲೇ ಕೆಳಗೆ ಜಾರಿತ್ತು ಎಂಬಂಥ ಕಾರಣಗಳು ಆ ಬಸಿರಿಗೆ ಸೇರಿದವು, ಮುಂದಿನ ಬಸಿರಿನಲ್ಲಿಯೂ ಹಾಗೆಯೇ ಆಗಬೇಕೆಂದಿಲ್ಲ. ಸೊಂಟದ ಎಲುಬಿನ ದಾರಿಯೇ ಇಕ್ಕಟ್ಟಾಗಿದೆ ಎಂದಿದ್ದರೆ ಅದು ಈ ಸಲವೂ ಹಾಗೆಯೇ ಇರುತ್ತದೆ.

"ಒಮ್ಮೆ ಸಿಸೇರಿಯನ್ ಆದರೆ ಎಂದೆಂದೂ ಸಿಸೇರಿಯನ್" ಎಂಬ ಮಾತನ್ನು 1916ರಲ್ಲಿ ಹೇಳಿದವರು ನ್ಯೂಯಾರ್ಕಿನ ವೈದ್ಯ ಎಡ್ವಿನ್ ಕ್ರೇಗಿನ್. ಆ ಕಾಲದಲ್ಲಿ ಗರ್ಭಕೋಶವನ್ನು ಮೇಲಿನಿಂದ ಕೆಳಕ್ಕೆ ಉದ್ದವಾಗಿ ಕೊಯ್ಯುತ್ತಿದ್ದರು. ಆ ಭಾಗದ ಸ್ನಾಯು ನೋವಿನ ವೇಳೆ ಬಲವಾಗಿ ಹಿಂಡುವುದರಿಂದ ಹಳೆಯ ಗಾಯ ಬಿಡುವ ಸಂಭವ ಹೆಚ್ಚಿತ್ತು. ಈಗ ಬಹುಪಾಲು ಗರ್ಭಕೋಶದ ಕೆಳಭಾಗದಲ್ಲಿ ಅಡ್ಡವಾಗಿ ಕೊಯ್ಯುತ್ತಾರೆ, ಆ ಗಾಯ ಹೆಚ್ಚು ಗಟ್ಟಿಯಾಗಿ ಕೂಡಿಕೊಳ್ಳುತ್ತದೆ. ಒಂದು ವಿಷಯವನ್ನು ಮಾತ್ರ ನೆನಪಿಡಿ: ಹೊಟ್ಟೆಯ ಚರ್ಮದ ಮೇಲಿನ ಗುರುತು ಅಡ್ಡವಾಗಿದೆ ಎಂದ ಮಾತ್ರಕ್ಕೆ ಒಳಗಿನ ಗಾಯವೂ ಅಡ್ಡವಾಗಿಯೇ ಇದೆ ಎನ್ನಲಾಗದು. ಅದನ್ನು ತಿಳಿಸುವುದು ಡಿಸ್ಚಾರ್ಜ್ ಕಾಗದ ಮಾತ್ರ. ನಿಮ್ಮದನ್ನು ದಯವಿಟ್ಟು ಹುಡುಕಿ.

ಶಾಂತಿಸಾಗರ_ಚನ್ನಗಿರಿ

ನಾನು ಎರಡನೆಯದನ್ನೂ ಸಿಸೇರಿಯನ್ನೇ ಮಾಡಿಸಿಕೊಂಡವಳು. ಅದನ್ನು ನಾನೇ ಕೇಳಿ ಮಾಡಿಸಿಕೊಂಡೆ ಎಂದು ಹೇಳಲು ನನಗೆ ಯಾವ ಸಂಕೋಚವೂ ಇಲ್ಲ.

ಮೊದಲ ಸಲ ಇಪ್ಪತ್ತೆರಡು ಗಂಟೆ ನೋವು ತಿಂದು, ಮಗುವಿನ ತಲೆ ಸಿಕ್ಕಿಕೊಂಡು, ನಡುರಾತ್ರಿ ಓಡೋಡಿ ಆಪರೇಷನ್ ಥಿಯೇಟರಿಗೆ ಒಯ್ದರು. ಎರಡನೆಯ ಸಲ ಬೆಳಿಗ್ಗೆ ಎಂಟಕ್ಕೆ ನಾನೇ ನಡೆದು ಹೋಗಿ ಮೇಜಿನ ಮೇಲೆ ಮಲಗಿದೆ. ಬೆನ್ನಿಗೆ ಇಂಜೆಕ್ಷನ್ ಕೊಟ್ಟರು, ಮಗು ಅತ್ತದ್ದು ಕೇಳಿಸಿತು, ಹತ್ತು ಗಂಟೆಗೆ ವಾರ್ಡಿನಲ್ಲಿದ್ದೆ. ನೋವು ತಿಂದು ದಣಿದ ಮೇಲೆ ಆಗುವ ಸಿಸೇರಿಯನ್ನಿಗೂ ಮೊದಲೇ ಗೊತ್ತು ಮಾಡಿದ ಸಿಸೇರಿಯನ್ನಿಗೂ ಅಜಗಜಾಂತರ ವ್ಯತ್ಯಾಸವಿದೆ. ಎರಡಕ್ಕೂ ಒಂದೇ ಹೆಸರಿಟ್ಟು ಮಾತಾಡುವುದರಿಂದ ಹೆಣ್ಣುಮಕ್ಕಳು ಸುಮ್ಮನೆ ಗಾಬರಿಯಾಗುತ್ತಾರೆ. ನಮ್ಮ ಕಡೆ "ನಾರ್ಮಲ್ ಆಯ್ತಂತೆ, ಗಟ್ಟಿ ಹೆಣ್ಣು" ಎಂದು ಹೊಗಳುತ್ತಾರಲ್ಲ, ಆ ಹೊಗಳಿಕೆಗಾಗಿ ಯಾರೂ ನೋವು ತಿನ್ನಬಾರದು. ಸಿಸೇರಿಯನ್ ಆದವಳು ಹೆತ್ತಿಲ್ಲವೇ? ಜಗಳೂರಿನ ಸಹೋದರಿಯವರು ತಮ್ಮ ಆಸೆಯನ್ನು ಬಿಡಬೇಕೆಂದು ನಾನು ಹೇಳುತ್ತಿಲ್ಲ. ಇನ್ನೊಂದು ದಾರಿಯೂ ಮರ್ಯಾದೆಯದೇ ಎಂದಷ್ಟೇ ಹೇಳುತ್ತಿದ್ದೇನೆ.

ಬೆಣ್ಣೆನಗರಿ

ಗಂಡಸು ಇಲ್ಲಿ ಬರೆಯಬಹುದೋ ಇಲ್ಲವೋ ತಿಳಿಯದು, ಆದರೂ ಎರಡು ಮಾತು ಬರೆಯುತ್ತೇನೆ.

ಖಾಸಗಿಯವರು ದುಡ್ಡಿಗಾಗಿ ಕೊಯ್ಯುತ್ತಾರೆ ಎಂಬ ಮಾತು ಊರಲ್ಲೆಲ್ಲ ಇದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಖಾಸಗಿ ಆಸ್ಪತ್ರೆಗಳ ಹೆರಿಗೆಗಳಲ್ಲಿ ಶೇಕಡಾ 47.4ರಷ್ಟು ಸಿಸೇರಿಯನ್, ಸರ್ಕಾರಿ ಆಸ್ಪತ್ರೆಗಳಲ್ಲಿ ಶೇಕಡಾ 14.3. ನಮ್ಮ ರಾಜ್ಯದಲ್ಲಿ ಎರಡೂ ಕಡೆ ಸೇರಿ ಶೇಕಡಾ 31.5. ಈ ಅಂತರವನ್ನು ಕಂಡವರಿಗೆ ಅನುಮಾನ ಬಂದರೆ ತಪ್ಪೆನ್ನಲಾಗದು. ಅತ್ತ ಪಕ್ಕದ ಬಳ್ಳಾರಿಯಲ್ಲಿ 2024ರ ನವೆಂಬರಿನಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರಾದ ಮೇಲೊಬ್ಬರು ತೀರಿಕೊಂಡರು. ರಕ್ತನಾಳಕ್ಕೆ ಹಾಕುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಗುಣಮಟ್ಟದ ಮೇಲೆ ಅನುಮಾನ ಬಂದು ಸರ್ಕಾರ ಅದರ ಬಳಕೆಯನ್ನು ನಿಲ್ಲಿಸಿತು. ಅಂದಿನಿಂದ ನನ್ನ ಹೆಂಡತಿಗೆ ಸಿಸೇರಿಯನ್ ಎಂಬ ಹೆಸರು ಕೇಳಿದರೇ ಭಯ. ಅವಳಿಗೂ ಮೊದಲನೆಯದು ಸಿಸೇರಿಯನ್, ಈಗ ಐದು ತಿಂಗಳು. ಆದ್ದರಿಂದ ಈ ಚರ್ಚೆಯನ್ನು ಇಬ್ಬರೂ ಕೂತು ಓದುತ್ತಿದ್ದೇವೆ.

ಜೋಗಿಮಟ್ಟಿ

ಬೆಣ್ಣೆನಗರಿಯವರೇ, ಅನಗತ್ಯವಾದ ಸಿಸೇರಿಯನ್‌ಗಳು ನಡೆಯುತ್ತಿವೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಶೇಕಡಾವಾರು ಲೆಕ್ಕವನ್ನು ಹಿಡಿದು ಒಬ್ಬ ತಾಯಿಯ ವಿಷಯ ತೀರ್ಮಾನಿಸಲು ಬರುವುದಿಲ್ಲ. ಶೇಕಡಾ 10ರಿಂದ 15 ಇದ್ದರೆ ಸಾಕು ಎಂದು ವಿಶ್ವ ಆರೋಗ್ಯ ಸಂಸ್ಥೆ 1985ರಲ್ಲಿ ಹೇಳಿತ್ತು. ಅದೇ ಸಂಸ್ಥೆ 2015ರಲ್ಲಿ ಇಂತಿಷ್ಟೇ ಎಂಬ ಪ್ರಮಾಣದ ಹಿಂದೆ ಬೀಳದೆ, ಅಗತ್ಯವಿರುವ ಪ್ರತಿಯೊಬ್ಬ ಹೆಣ್ಣಿಗೂ ಸಿಸೇರಿಯನ್ ಸಿಗುವಂತೆ ನೋಡಿಕೊಳ್ಳಿ ಎಂದಿತು. ಮಾಸು (ಮಗುವನ್ನು ಪೋಷಿಸುವ ಪ್ಲಾಸೆಂಟಾ) ಗರ್ಭಕೋಶದ ಬಾಯಿಯನ್ನು ಮುಚ್ಚಿ ಕೂತವಳಿಗೆ ಸಿಸೇರಿಯನ್ ಸಿಗದಿದ್ದರೆ ಅವಳು ಉಳಿಯುವುದಿಲ್ಲ. ಬಳ್ಳಾರಿಯ ವಿಷಯದಲ್ಲಿ ನಿಮ್ಮ ಮನೆಯವರ ಭಯ ನ್ಯಾಯವಾದದ್ದೇ. ಆದರೆ ಆ ದ್ರಾವಣವನ್ನು ಸಹಜ ಹೆರಿಗೆಯಲ್ಲಿ ರಕ್ತ ಹೆಚ್ಚು ಹೋದವರಿಗೂ ಹಾಕುತ್ತಾರೆ. ಆದ್ದರಿಂದ ಆ ಭಯ ಯಾವ ಹೆರಿಗೆ ಎಂಬ ಆಯ್ಕೆಗೆ ಕಾರಣವಾಗಬಾರದು.

ಕೊಂಡುಕುರಿ_ಜಗಳೂರು

ಕಾಗದ ಸಿಕ್ಕಿತು. ಬೀರುವಿನ ಕೆಳಗಿನ ಅರೆಯಲ್ಲಿ, ಹಳೆಯ ತಾಯಿ ಕಾರ್ಡಿನ ಒಳಗೆ ನಾಲ್ಕು ಮಡಿಕೆಯಾಗಿ ಇತ್ತು. ಮಡಿಕೆಯ ಗೆರೆಗಳಲ್ಲಿ ಅಕ್ಷರ ಅಳಿಸಿಹೋಗಿದೆ, ಒಂದು ಮೂಲೆಗೆ ಅರಿಶಿನ ಹತ್ತಿದೆ. ಬಾಣಂತನದಲ್ಲಿ ಅಮ್ಮ ಅದನ್ನು ಎಲ್ಲಿ ಇಟ್ಟಿದ್ದರೋ ಏನೋ. ಬೆಳಕಿಗೆ ಹಿಡಿದು ನೋಡಿದಾಗ "ಎಲ್.ಎಸ್.ಸಿ.ಎಸ್." ಎಂದೂ, ಅದರ ಕೆಳಗೆ "ಬ್ರೀಚ್" ಎಂದೂ ಇರುವುದು ಓದಲು ಬಂತು. ಮಗುವಿನ ತೂಕ 2.7 ಕಿಲೋ. ಇಷ್ಟು ವರ್ಷ ನಾನು ನೀರು ಕಡಿಮೆಯಾಗಿದ್ದರಿಂದ ಸಿಸೇರಿಯನ್ ಆಯಿತು ಎಂದೇ ತಿಳಿದಿದ್ದೆ, ಎಲ್ಲರಿಗೂ ಹಾಗೆಯೇ ಹೇಳಿಕೊಂಡು ಬಂದಿದ್ದೆ. ಮಗು ಕುಂಡೆ ಕೆಳಗಾಗಿತ್ತು ಎಂದು ನನಗೆ ಯಾರೂ ಬಿಡಿಸಿ ಹೇಳಿರಲಿಲ್ಲ.

ಜೋಗಿಮಟ್ಟಿ

ಎಲ್.ಎಸ್.ಸಿ.ಎಸ್. ಎಂದರೆ ಗರ್ಭಕೋಶದ ಕೆಳಭಾಗದಲ್ಲಿ ಕೊಯ್ದದ್ದು. ಕಾರಣ ಬ್ರೀಚ್. ಈ ಎರಡೂ ನಿಮ್ಮ ಆಸೆಗೆ ಅನುಕೂಲವಾಗಿವೆ. ಎರಡು ಹೆರಿಗೆಗಳ ನಡುವಿನ ಅಂತರ ಒಂದೂವರೆ ವರ್ಷಕ್ಕಿಂತ ಕಡಿಮೆಯಿದ್ದರೆ ಗಾಯ ಬಿಡುವ ಭಯ ಹೆಚ್ಚು. ನಿಮ್ಮದು ಮೂರು ವರ್ಷ ದಾಟಿದೆ, ಅದೂ ಅನುಕೂಲವೇ.

ಈಗ ಲೆಕ್ಕವನ್ನು ಮುಚ್ಚುಮರೆಯಿಲ್ಲದೆ ಹೇಳುತ್ತೇನೆ. ಒಂದು ಸಿಸೇರಿಯನ್ ಆದ ಮೇಲೆ ಸಹಜ ಹೆರಿಗೆಗೆ ಪ್ರಯತ್ನಿಸಿದ 100 ಜನರಲ್ಲಿ ಸುಮಾರು 72ರಿಂದ 75 ಜನರಿಗೆ ಅದು ಕೈಗೂಡುತ್ತದೆ. ಉಳಿದವರಿಗೆ ನೋವು ಬಂದ ಮೇಲೆ ಸಿಸೇರಿಯನ್ ಆಗುತ್ತದೆ, ಮತ್ತು ಶಾಂತಿಸಾಗರದವರು ಬರೆದಂತೆ ಮೊದಲೇ ಗೊತ್ತು ಮಾಡಿದ ಸಿಸೇರಿಯನ್‌ಗಿಂತ ಅದರಲ್ಲಿ ತೊಂದರೆ ಹೆಚ್ಚು. ಹಳೆಯ ಗಾಯ ಬಿಡುವುದು ಸುಮಾರು 200 ಜನರಲ್ಲಿ ಒಬ್ಬರಿಗೆ. ಕೇಳಲು ಸಣ್ಣ ಸಂಖ್ಯೆ. ಆದರೆ ಆ ಒಬ್ಬರಿಗೆ ಕೆಲವೇ ನಿಮಿಷಗಳಲ್ಲಿ ಹೊಟ್ಟೆ ತೆರೆಯಬೇಕಾಗುತ್ತದೆ. ತಡವಾದರೆ ಮಗು ಉಳಿಯದೆ ಇರಬಹುದು, ತಾಯಿಯ ಗರ್ಭಕೋಶವನ್ನೇ ತೆಗೆಯಬೇಕಾಗಬಹುದು. ಔಷಧಿ ಕೊಟ್ಟು ನೋವು ಬರಿಸಿದರೆ ಈ ಅಪಾಯ ಎರಡರಿಂದ ಮೂರು ಪಟ್ಟಾಗುತ್ತದೆ. ಆದ್ದರಿಂದ ನೋವು ತಾನಾಗಿ ಬರುವುದನ್ನು ಕಾಯುವುದೇ ಮೇಲು.

ಇನ್ನೊಂದು ಕಡೆಯ ಲೆಕ್ಕವೂ ಇದೆ. ಸಿಸೇರಿಯನ್‌ಗಳು ಹೆಚ್ಚುತ್ತ ಹೋದಂತೆ ಮುಂದಿನ ಬಸಿರಿನಲ್ಲಿ ಮಾಸು ಹಳೆಯ ಗಾಯದೊಳಗೆ ಬೇರುಬಿಟ್ಟು ಕೂರುವ ಅಪಾಯ ಏರುತ್ತದೆ. ಮಾಸು ಕೆಳಗೆ ಕೂತವರನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಂಡರೆ, ಮೊದಲ ಸಿಸೇರಿಯನ್‌ಗೆ ಬಂದವರಲ್ಲಿ ಅದು ಶೇಕಡಾ 3, ಎರಡನೆಯದಕ್ಕೆ ಬಂದವರಲ್ಲಿ 11, ಮೂರನೆಯದಕ್ಕೆ ಬಂದವರಲ್ಲಿ 40. ನಿಮಗೆ ಇದೇ ಕೊನೆಯ ಮಗು ಎಂದಾದರೆ ಈ ಅಪಾಯ ನಿಮ್ಮ ತಕ್ಕಡಿಯಲ್ಲಿ ಹೆಚ್ಚು ತೂಗುವುದಿಲ್ಲ. ಇನ್ನೊಂದು ಮಗು ಬೇಕೆನ್ನುವವರಿಗೆ ಬಹಳ ತೂಗುತ್ತದೆ. ಮುಂದಿನ ಸ್ಕ್ಯಾನಿಂಗ್‌ನಲ್ಲಿ ಮಾಸು ಎಲ್ಲಿದೆ, ಹಳೆಯ ಗಾಯದ ಮೇಲೆ ಕೂತಿದೆಯೇ, ಮಗು ತಲೆ ಕೆಳಗಾಗಿದೆಯೇ ಎಂಬುದನ್ನು ಕೇಳಿ ತಿಳಿದುಕೊಳ್ಳಿ. ನಿಮ್ಮನ್ನು ಪರೀಕ್ಷೆ ಮಾಡದೆ ಇದಕ್ಕಿಂತ ಹೆಚ್ಚು ಹೇಳುವುದು ಸರಿಯಾಗದು.

ತುಂಗಭದ್ರೆ_ಹರಿಹರ

ಮೂವತ್ತೊಂದು ವರ್ಷ ಹೆರಿಗೆ ವಾರ್ಡಿನಲ್ಲಿ ನರ್ಸ್ ಆಗಿ ದುಡಿದು ನಿವೃತ್ತಳಾದವಳು ನಾನು. ಡಾಕ್ಟರಮ್ಮ ಹೇಳಿದ ಆ "ಕೆಲವೇ ನಿಮಿಷಗಳು" ಎಂಬ ಮಾತಿನ ಮೇಲೆಯೇ ನಿನ್ನ ತೀರ್ಮಾನವೆಲ್ಲ ನಿಂತಿದೆ ಮಗಳೇ. ಸಹಜವೋ ಸಿಸೇರಿಯನ್ನೋ ಎಂದು ಕೇಳುವ ಮೊದಲು, ನೋವು ಬಂದಾಗ ನಾನು ಎಲ್ಲಿರುತ್ತೇನೆ ಎಂದು ಕೇಳಿಕೋ.

ಹೊಟ್ಟೆಯ ಮೇಲೆ ಹಳೆಯ ಗಾಯ ಇರುವವಳು ತವರಿನ ಹಳ್ಳಿಯಲ್ಲಿ ನೋವಿಗಾಗಿ ಕಾಯಬಾರದು. ಅಲ್ಲಿಂದ ಚಿತ್ರದುರ್ಗಕ್ಕೆ ಬರಲಿ, ಬಳ್ಳಾರಿಗೆ ಹೋಗಲಿ, ದಾರಿಯಲ್ಲೇ ಹೊತ್ತು ಕಳೆದುಹೋಗುತ್ತದೆ. ನಿನ್ನ ಗಂಡನ ಊರಿನಿಂದ ದಾವಣಗೆರೆಯೂ ಒಂದು ಗಂಟೆಯ ದಾರಿಗಿಂತ ಕಡಿಮೆಯಿಲ್ಲ. 108ಕ್ಕೆ ಕರೆ ಮಾಡಿದರೆ ಗಾಡಿ ಬರುತ್ತದೆ, ಆದರೆ ಗಾಡಿಯಲ್ಲಿ ಆಪರೇಷನ್ ಆಗುವುದಿಲ್ಲ. ಆದ್ದರಿಂದ 37 ವಾರ ತುಂಬಿದ ಕೂಡಲೇ ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ನೆಂಟರ ಮನೆಯಲ್ಲಿ ಬಂದು ಉಳಿದುಕೋ. ಅಮ್ಮ ಅಲ್ಲಿಗೇ ಬರಲಿ.

ಆಸ್ಪತ್ರೆಗೆ ಹೋದಾಗ ಫ್ಯಾನು, ಎ.ಸಿ., ಬೇರೆ ರೂಮು ಇವೆಯೇ ಎಂದು ಕೇಳುವವರನ್ನು ನಾನು ನೋಡಿದ್ದೇನೆ. ನೀನು ಕೇಳಬೇಕಾದದ್ದು ಬೇರೆ. ರಾತ್ರಿ ಎರಡು ಗಂಟೆಗೆ ಸಿಸೇರಿಯನ್ ಮಾಡಬೇಕಾದರೆ ಡಾಕ್ಟರು ಒಳಗೇ ಇರುತ್ತಾರೆಯೇ, ಮನೆಯಿಂದ ಬರಬೇಕೇ? ಅರಿವಳಿಕೆ ಡಾಕ್ಟರು ಎಷ್ಟು ಹೊತ್ತಿನಲ್ಲಿ ಬರುತ್ತಾರೆ? ನನ್ನ ಗುಂಪಿನ ರಕ್ತ ಇಲ್ಲೇ ಇದೆಯೇ, ತರಿಸಬೇಕೇ? ನೋವು ಇರುವಷ್ಟು ಹೊತ್ತೂ ಮಗುವಿನ ಎದೆಬಡಿತವನ್ನು ಮೆಷಿನ್ ಕಟ್ಟಿ ನೋಡುತ್ತಾರೆಯೇ? ಇವಕ್ಕೆ ನೇರವಾದ ಉತ್ತರ ಸಿಗದ ಕಡೆ ನಿನ್ನಂಥವಳು ಸಹಜ ಹೆರಿಗೆಗೆ ಪ್ರಯತ್ನಿಸುವುದು ಬೇಡ. ಅಂಥ ಕಡೆಯೇ ಹೋಗಬೇಕಾದ ಸಂದರ್ಭವಿದ್ದರೆ ದಿನ ಗೊತ್ತು ಮಾಡಿ ಸಿಸೇರಿಯನ್ ಮಾಡಿಸಿಕೊಳ್ಳುವುದೇ ಸರಿ. ವೈದ್ಯಕೀಯ ಕಾಲೇಜಿಗೆ ಸೇರಿದ ಆಸ್ಪತ್ರೆಗಳಲ್ಲಿಯೂ ಜಿಲ್ಲಾ ಆಸ್ಪತ್ರೆಯಲ್ಲಿಯೂ ಹಗಲು ರಾತ್ರಿ ಡಾಕ್ಟರುಗಳು ಇರುತ್ತಾರೆ, ಅಲ್ಲಿ ಮೊದಲು ವಿಚಾರಿಸು. ಸರ್ಕಾರಿ ಆಸ್ಪತ್ರೆಯಲ್ಲಿ ಸಹಜ ಹೆರಿಗೆಯಂತೆ ಸಿಸೇರಿಯನ್ನೂ ಉಚಿತ. 2011ರಿಂದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಔಷಧಿ, ರಕ್ತ, ಊಟ, ಬಂದು ಹೋಗುವ ವಾಹನ ಎಲ್ಲವೂ ಸೇರಿವೆ.

ಇನ್ನೊಂದು ವಿಷಯವನ್ನು ಕೈಮುಗಿದು ಹೇಳುತ್ತೇನೆ. ನೋವು ಸಾಲದು ಎಂದು ಹಳ್ಳಿಯಲ್ಲಿ ಯಾರಾದರೂ "ನೋವಿನ ಇಂಜೆಕ್ಷನ್" ಹಾಕುತ್ತೇನೆ ಎಂದರೆ ಹಾಕಿಸಿಕೊಳ್ಳಬೇಡ. ಹಳೆಯ ಗಾಯ ಇರುವ ಗರ್ಭಕೋಶಕ್ಕೆ ಅದು ಎಷ್ಟು ಅಪಾಯವೆಂದು ನಾನು ಕಣ್ಣಾರೆ ಕಂಡಿದ್ದೇನೆ. ನೋವು ಬಂದು ಹೋಗುವ ನಡುವೆಯೂ ಹಳೆಯ ಗಾಯದ ಜಾಗ ಬಿಡದೆ ನೋಯುತ್ತಿದ್ದರೆ, ರಕ್ತ ಕಂಡರೆ, ಹಸಿರು ನೀರು ಹೋದರೆ, ಮಗುವಿನ ಮಿಸುಕಾಟ ಕಡಿಮೆಯಾದರೆ ಒಂದು ಕ್ಷಣವೂ ಮನೆಯಲ್ಲಿ ಕೂರಬೇಡ. ಆದರೆ ಕೊರಳಿಗೆ ಬಳ್ಳಿ ಸುತ್ತಿದೆ ಎಂದು ಸ್ಕ್ಯಾನಿಂಗ್‌ನಲ್ಲಿ ಬಂದರೆ ಅಷ್ಟಕ್ಕೇ ಗಾಬರಿಯಾಗಬೇಡ. ನಾಲ್ಕೈದು ಮಕ್ಕಳಲ್ಲಿ ಒಂದಕ್ಕೆ ಬಳ್ಳಿ ಸುತ್ತಿರುತ್ತದೆ, ಹೆಚ್ಚಿನವು ಚೆನ್ನಾಗಿಯೇ ಹುಟ್ಟುತ್ತವೆ. ಗರ್ಭಕೋಶದ ಬಾಯಿ ಐದು ಸೆಂಟಿಮೀಟರ್ ತೆರೆಯುವವರೆಗೆ ಹೊತ್ತು ಹಿಡಿಯುವುದೂ ಸಹಜ, ಅದನ್ನು "ಮುಂದುವರಿಯುತ್ತಿಲ್ಲ" ಎಂದು ತಿಳಿದು ಮನೆಯವರು ಹೊರಗಿನಿಂದ ಅವಸರ ಮಾಡಬಾರದು.

ವಾಣಿವಿಲಾಸ_ಹಿರಿಯೂರು

ತಾಯೀ, ನನ್ನ ಅವ್ವ ಸೂಲಗಿತ್ತಿಯಾಗಿದ್ದಳು. ನಮ್ಮ ಪಕ್ಕದ ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿ 2018ರಲ್ಲಿ ಪದ್ಮಶ್ರೀ ಪಡೆದರಲ್ಲ, ಅಂಥ ಹೆಸರು ನನ್ನ ಅವ್ವನದಲ್ಲ, ಸುತ್ತಿನ ಏಳೆಂಟು ಹಳ್ಳಿಗೆ ಆಗುತ್ತಿದ್ದಳು ಅಷ್ಟೇ. ಹೊಟ್ಟೆಯ ಮೇಲೆ ಅಂಗೈಯಿಟ್ಟು ಮಗುವಿನ ತಲೆ ಎಲ್ಲಿದೆ ಎಂದು ಹೇಳಿಬಿಡುತ್ತಿದ್ದಳು. ಆದರೆ ಹೊಟ್ಟೆ ಕೊಯ್ದ ಗುರುತು ಕಂಡರೆ ಅವಳು ಸೀರೆಯ ನೆರಿಗೆ ಸರಿಪಡಿಸಿಕೊಂಡು ಎದ್ದುಬಿಡುತ್ತಿದ್ದಳು, "ಇದು ನನ್ನ ಕೈಯದಲ್ಲ, ಗಾಡಿ ಕಟ್ಟಿಸಿ" ಎನ್ನುತ್ತಿದ್ದಳು. ಎಷ್ಟು ಬೇಡಿಕೊಂಡರೂ ಮುಟ್ಟುತ್ತಿರಲಿಲ್ಲ. ನರ್ಸಮ್ಮನವರು ಹೇಳಿದ್ದನ್ನು ಓದಿ ಅವ್ವನ ನೆನಪಾಯಿತು.

ನಿಮ್ಮ ಮಾವನವರ ವಯಸ್ಸಿನವನು ನಾನು. ನಕ್ಷತ್ರದ ಮಾತಿಗೆ ಅವರ ಮೇಲೆ ಬೇಸರ ಮಾಡಿಕೊಳ್ಳಬೇಡಿ, ಮೊಮ್ಮಗುವಿನ ಮೇಲಿನ ಆಸೆಯಿಂದ ಹೇಳಿರುತ್ತಾರೆ. ಆದರೆ ನನ್ನ ಸ್ವಂತ ತಮ್ಮನ ಮೊಮ್ಮಗನನ್ನು ಒಳ್ಳೆಯ ಗಳಿಗೆಯೆಂದು ದಿನ ತುಂಬುವುದಕ್ಕೆ ಮೊದಲೇ ತೆಗೆಸಿ, ಉಸಿರಾಟದ ತೊಂದರೆಯಾಗಿ, ಒಂಬತ್ತು ದಿನ ಗಾಜಿನ ಪೆಟ್ಟಿಗೆಯಲ್ಲಿಟ್ಟರು. ಆ ಒಂಬತ್ತು ದಿನ ಮನೆಯಲ್ಲಿ ಯಾರೂ ಪಂಚಾಂಗ ತೆರೆಯಲಿಲ್ಲ. ಇದನ್ನು ಅವರಿಗೆ ಓದಿ ಹೇಳಿ.

ಜೋಗಿಮಟ್ಟಿ

ಹಿರಿಯರು ಹೇಳಿದ್ದು ಸರಿ. ಬೇರೆ ತೊಂದರೆ ಇಲ್ಲದವರಿಗೆ ಗೊತ್ತು ಮಾಡಿದ ಸಿಸೇರಿಯನ್ನನ್ನು 39 ವಾರಕ್ಕೆ ಮೊದಲು ಮಾಡುವುದಿಲ್ಲ, ಏಕೆಂದರೆ ಅದಕ್ಕೆ ಮುಂಚೆ ಹೊರಬಂದ ಮಕ್ಕಳಲ್ಲಿ ಉಸಿರಾಟದ ತೊಂದರೆ ಹೆಚ್ಚು.

ಅತ್ತೆಯವರ ಮಾತಿಗೂ ಉತ್ತರ ಕೊಡುತ್ತೇನೆ. ಸಂತಾನಹರಣ ಚಿಕಿತ್ಸೆಗಾಗಿ ಸಿಸೇರಿಯನ್ ಆಗಬೇಕಿಲ್ಲ. ಸಹಜ ಹೆರಿಗೆಯಾದ ಏಳು ದಿನಗಳೊಳಗೆ ಹೊಕ್ಕುಳ ಹತ್ತಿರ ಸಣ್ಣ ಗಾಯ ಮಾಡಿ ಅದನ್ನು ಮಾಡುತ್ತಾರೆ. ಇಲ್ಲವೇ ಆರು ವಾರ ಕಳೆದ ಮೇಲೆ ಮಾಡಿಸಬಹುದು.

ಬೆಣ್ಣೆನಗರಿ

ಆ ಚಿಕಿತ್ಸೆಯನ್ನು ಗಂಡಸರೂ ಮಾಡಿಸಿಕೊಳ್ಳಬಹುದು ಎಂಬುದನ್ನು ಇಲ್ಲಿ ಯಾರೂ ಬರೆಯಲಿಲ್ಲ. ಹೊಲಿಗೆಯಿಲ್ಲ, ಅರ್ಧ ಗಂಟೆಯ ಕೆಲಸ, ಅದೇ ದಿನ ಮನೆಗೆ ಬರಬಹುದು. ನಾನು ಮಾಡಿಸಿಕೊಳ್ಳುವುದೆಂದು ನಿಶ್ಚಯಿಸಿದ್ದೇನೆ. ಒಬ್ಬಳ ಹೊಟ್ಟೆಯನ್ನು ಎಷ್ಟು ಸಲ ಕೊಯ್ಯುವುದು?

ಕೊಂಡುಕುರಿ_ಜಗಳೂರು

ಎಲ್ಲರ ಮಾತನ್ನೂ ಮನೆಯಲ್ಲಿ ಓದಿ ಹೇಳಿದೆ. ಮಾವನವರು ಹಿರಿಯೂರಿನವರು ಬರೆದದ್ದನ್ನು ಎರಡು ಸಲ ಓದಿಸಿಕೊಂಡು, ಪಂಚಾಂಗದ ಮಾತನ್ನು ಮತ್ತೆ ಎತ್ತಲಿಲ್ಲ. ಯಜಮಾನರು ಬೆಣ್ಣೆನಗರಿಯವರ ಮಾತನ್ನು ಓದಿ ಸುಮ್ಮನಿದ್ದರು, ರಾತ್ರಿ ಊಟವಾದ ಮೇಲೆ "ಅದನ್ನು ನಾನೇ ಮಾಡಿಸಿಕೊಳ್ಳುತ್ತೇನೆ" ಎಂದರು. ಅತ್ತೆಯವರಿಗೆ ಅದು ಅಷ್ಟಾಗಿ ಹಿಡಿಸಿಲ್ಲ.

36 ವಾರಕ್ಕೆ ದಾವಣಗೆರೆಯಲ್ಲಿ ತೋರಿಸಿದೆವು. ಮಗು ತಲೆ ಕೆಳಗಾಗಿದೆ, ಮಾಸು ಮೇಲ್ಭಾಗದಲ್ಲಿದೆ, ಗಾಯದಿಂದ ದೂರವಿದೆ. ನರ್ಸಮ್ಮ ಬರೆದ ನಾಲ್ಕು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ. ಅಲ್ಲಿನ ಡಾಕ್ಟರಮ್ಮ ಚೀಟಿಯನ್ನು ಕೈಗೆ ತೆಗೆದುಕೊಂಡು ಒಂದೊಂದಕ್ಕೂ ಉತ್ತರ ಹೇಳಿದರು. ನೋವು ತಾನಾಗಿ ಬಂದರೆ ಪ್ರಯತ್ನಿಸೋಣ, 40 ವಾರ ದಾಟಿದರೆ ಮತ್ತೆ ಕೂತು ಮಾತಾಡೋಣ, ಮಗುವಿನ ಎದೆಬಡಿತದಲ್ಲಿ ಏರುಪೇರು ಕಂಡರೆ ನಾನು ನಿಮ್ಮನ್ನು ಕೇಳುತ್ತ ಕೂರುವುದಿಲ್ಲ, ಕೂಡಲೇ ಸಿಸೇರಿಯನ್ ಮಾಡುತ್ತೇನೆ, ಇದಕ್ಕೆ ಒಪ್ಪಿಗೆಯೇ ಎಂದು ಕೇಳಿದರು. ಒಪ್ಪಿದೆ. ನಿಟ್ಟುವಳ್ಳಿಯಲ್ಲಿ ಚಿಕ್ಕಮ್ಮನ ಮನೆಯಿದೆ, ಬರುವ ವಾರ ಅಲ್ಲಿಗೆ ಬರುತ್ತೇನೆ. ಅಮ್ಮನೂ ಬರುತ್ತಾರೆ.

ಶಾಂತಿಸಾಗರ_ಚನ್ನಗಿರಿ

ಒಳ್ಳೆಯದಾಗಲಿ ಸಹೋದರಿ. ಸಿಸೇರಿಯನ್ ಆಗಲೂಬಹುದು ಎಂದು ಬ್ಯಾಗಿನಲ್ಲಿ ಸಡಿಲವಾದ ಎರಡು ನೈಟಿಗಳನ್ನು ಇಟ್ಟುಕೊಂಡಿರಿ. ಸೀರೆಯ ಗಂಟು, ಪೆಟಿಕೋಟಿನ ಲಾಡಿ ಸರಿಯಾಗಿ ಹೊಲಿಗೆಯ ಮೇಲೆಯೇ ಬರುತ್ತವೆ.

ತುಂಗಭದ್ರೆ_ಹರಿಹರ

ಥಿಯೇಟರಿನಲ್ಲಿಯೇ ಮಗುವನ್ನು ಎದೆಯ ಮೇಲೆ ಹಾಕಿಸಿಕೊಳ್ಳಬಹುದು ಮಗಳೇ. ಬೆನ್ನಿಗೆ ಇಂಜೆಕ್ಷನ್ ಕೊಟ್ಟಿರುವುದರಿಂದ ನಿನಗೆ ಎಚ್ಚರವಿರುತ್ತದೆ, ಕೈಗಳು ಆಡುತ್ತವೆ. ಮಗು ಚೆನ್ನಾಗಿ ಅತ್ತು ಉಸಿರಾಡುತ್ತಿದ್ದರೆ ಹಾಗೆ ಮಾಡಲು ಅಡ್ಡಿಯಿಲ್ಲ, ಮೊದಲ ಗಂಟೆಯಲ್ಲೇ ಹಾಲೂಡಿಸಬಹುದು. ಈಗಲೇ ಡಾಕ್ಟರಮ್ಮನಿಗೆ ಹೇಳಿ ಇಟ್ಟಿರು, ಆ ಗಡಿಬಿಡಿಯಲ್ಲಿ ನೆನಪಾಗುವುದಿಲ್ಲ. ಬಾಣಂತನದಲ್ಲಿ ನೀರು ಕುಡಿಯಬೇಡ ಎಂದು ಯಾರು ಹೇಳಿದರೂ ಕೇಳಬೇಡ, ಹೊಲಿಗೆಯ ಮೇಲೆ ಕುದಿನೀರು ಹುಯ್ಯಿಸಿಕೊಳ್ಳಬೇಡ.

ಕೊಂಡುಕುರಿ_ಜಗಳೂರು

ಹೆರಿಗೆಯಾಗಿ ಇಂದಿಗೆ ಹದಿನಾಲ್ಕು ದಿನ. ಗಂಡು ಮಗು, 3.1 ಕಿಲೋ, ಇಬ್ಬರೂ ಚೆನ್ನಾಗಿದ್ದೇವೆ.

39 ವಾರ ನಾಲ್ಕು ದಿನಕ್ಕೆ ನಸುಕಿನಲ್ಲಿ ನೋವು ತಾನಾಗಿಯೇ ಶುರುವಾಯಿತು. ಚಿಕ್ಕಮ್ಮನ ಮನೆಯಿಂದ ಹದಿನೈದು ನಿಮಿಷದಲ್ಲಿ ಆಸ್ಪತ್ರೆಯಲ್ಲಿದ್ದೆವು. ಮಧ್ಯಾಹ್ನದ ಹೊತ್ತಿಗೆ ಆರು ಸೆಂಟಿಮೀಟರ್ ಎಂದರು. ಆಮೇಲೆ ನಾಲ್ಕು ಗಂಟೆ ಕಳೆದರೂ ಅದು ಆರರಿಂದ ಮುಂದೆ ಹೋಗಲಿಲ್ಲ. ಹೊಟ್ಟೆಗೆ ಕಟ್ಟಿದ ಮೆಷಿನ್ನಿನ ಸದ್ದು ಅಷ್ಟು ಹೊತ್ತೂ ಕುದುರೆ ಓಡಿದ ಹಾಗೆ ಕೇಳುತ್ತಿತ್ತು. ಪ್ರತಿ ನೋವಿನ ಕೊನೆಗೆ ಅದು ನಿಧಾನವಾಗತೊಡಗಿದ್ದು ನನಗೇ ತಿಳಿಯಿತು. ಡಾಕ್ಟರಮ್ಮ ಕಾಗದದ ಪಟ್ಟಿಯನ್ನು ನೋಡಿ ನನ್ನ ಭುಜ ಮುಟ್ಟಿ "ಹೋಗೋಣಮ್ಮ" ಎಂದರು. ಒಳಗೆ ಹೊಟ್ಟೆ ತೆರೆದಾಗ ಹಳೆಯ ಗಾಯದ ಜಾಗ ಬಹಳ ತೆಳುವಾಗಿತ್ತು, ಇನ್ನೂ ಬಿಟ್ಟಿರಲಿಲ್ಲ ಎಂದು ಆಮೇಲೆ ತಿಳಿಸಿದರು. ಅದನ್ನು ಕೇಳಿ ಅಮ್ಮ ಗೋಡೆಗೆ ಒರಗಿ ಕೂತುಬಿಟ್ಟರು.

ಆಸೆಪಟ್ಟದ್ದು ಆಗಲಿಲ್ಲ ಎಂಬ ಬೇಸರ ಎರಡು ದಿನ ಇತ್ತು, ಅದನ್ನು ಮುಚ್ಚಿಡುವುದಿಲ್ಲ. ಆದರೆ ನೋವು ತಾನಾಗಿ ಬರುವವರೆಗೆ ಕಾದದ್ದಕ್ಕೂ ದಾವಣಗೆರೆಯಲ್ಲಿ ಬಂದು ಉಳಿದದ್ದಕ್ಕೂ ನನಗೆ ಪಶ್ಚಾತ್ತಾಪವಿಲ್ಲ. ಹೊಟ್ಟೆಗೆ ಹೊಲಿಗೆ ಹಾಕುತ್ತಿದ್ದಾಗಲೇ ಮಗುವನ್ನು ನನ್ನ ಎದೆಯ ಮೇಲೆ ಬೋರಲು ಹಾಕಿದರು. ಮೈಯೆಲ್ಲ ಬಿಳಿಯ ಜಿಡ್ಡು ಹತ್ತಿಕೊಂಡಿತ್ತು, ನನ್ನ ಕುತ್ತಿಗೆಯ ಬಳಿ ಬಿಸಿಯಾಗಿ ಉಸಿರು ಬಿಡುತ್ತಿತ್ತು. ಈ ಸಲ ಅವನನ್ನು ಮನೆಯವರಿಗಿಂತ ಮೊದಲು ನಾನು ಹಿಡಿದುಕೊಂಡೆ.

ಹೊಲಿಗೆ ಒಣಗಿದೆ, ಕೀವಾಗಿಲ್ಲ. ಯಜಮಾನರು ಮುಂದಿನ ತಿಂಗಳು ಚಿಕಿತ್ಸೆಗೆ ಹೋಗುತ್ತಾರೆ. ಡಿಸ್ಚಾರ್ಜ್ ಕಾಗದದಲ್ಲಿ ಸಿಸೇರಿಯನ್ ಏಕೆ ಆಯಿತು, ಒಳಗಿನ ಗಾಯ ಹೇಗಿತ್ತು ಎಂಬುದನ್ನು ಬಿಡಿಸಿ ಬರೆಸಿಕೊಂಡು, ಅಲ್ಲಿಯೇ ಓದಿಸಿಕೊಂಡು ಬಂದೆ. ಎರಡು ಜೆರಾಕ್ಸ್ ಮಾಡಿಸಿದ್ದೇವೆ. ಒಂದು ತಾಯಿ ಕಾರ್ಡಿನೊಳಗಿದೆ, ಇನ್ನೊಂದು ಯಜಮಾನರ ಹತ್ತಿರ ಇದೆ.